ಬಾಲ ಹಿಡಿದ ಕೈ: ಲ್ಯಾಬಿನ ಪ್ರಾಣಿಯನ್ನು ಮುಟ್ಟೋದನ್ನ ವಿಜ್ಞಾನಿಗಳು ಕಲಿತ ಕಥೆ

(ನಮ್ಮ ಇತಿಹಾಸ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಥೆ ಒಂದು ಇಲಿಯಿಂದ ಶುರುವಾಗುತ್ತೆ. ಮನೆ ಅಟ್ಟದ ಇಲಿ ಅಲ್ಲ, ಲ್ಯಾಬಿನ ಪುಟ್ಟ ಬಿಳಿ ಇಲಿ. ಅಂಗೈಯಲ್ಲಿ ಕೂರುತ್ತೆ, ಕೆಂಪು ಕಣ್ಣು, ತೂಕ ಸುಮಾರು 30 ಗ್ರಾಂ.

ಪಾಡ್‌ಕಾಸ್ಟ್ ಮಾಡೋಕೆ ಬರೋ ಮುಂಚೆ ನಾನು ಫಾರ್ಮಕಾಲಜಿ ಓದ್ತಿದ್ದೆ. ಎಂ.ಫಾರ್ಮ್ ಎರಡನೇ ವರ್ಷ, ಥೀಸಿಸ್ ಕೆಲಸ. ಕಾಲೇಜಿನ ಅನಿಮಲ್ ಹೌಸ್‌ಗೆ ಮೊದಲ ಸಲ ಒಳಗೆ ಹೋದಾಗ ಮೂಗಿಗೆ ಬಡಿದಿದ್ದು ಭತ್ತದ ಹೊಟ್ಟಿನ ವಾಸನೆ, ಅದರ ಹಿಂದೆ ಅಮೋನಿಯಾ ಘಾಟು. ಸೀನಿಯರ್ ಒಬ್ಬರು ಪಂಜರದ ಮುಚ್ಚಳ ತೆಗೆದು, "ಬಾಲ ಹಿಡಿದು ಎತ್ತು, ಹೆದರ್ಬೇಡ" ಅಂದ್ರು. ನನಗೆ ಸಿಕ್ಕ ತರಬೇತಿ ಅಷ್ಟೇ. ನಾಲ್ಕು ಪದ.

ಎತ್ತಿದೆ. ಇಲಿ ಗಾಳಿಯಲ್ಲಿ ತಿರುಚಿಕೊಂಡು ಮೇಲೆ ಬಂದು ಬೆರಳು ಕಚ್ಚಿತು. ನಾನು ಕೈ ಬಿಟ್ಟೆ. ಅದು ನೆಲಕ್ಕೆ ಬಿದ್ದು ಕಪಾಟಿನ ಅಡಿಗೆ ಓಡಿತು. ಅಲ್ಲಿನ ಅಟೆಂಡರ್, ನಾವೆಲ್ಲ ಅವರನ್ನ ಅಣ್ಣ ಅಂತಲೇ ಕರೀತಿದ್ವಿ, ಏನೂ ಮಾತಾಡದೆ ನೆಲದ ಮೇಲೆ ಕೂತರು. ಅಂಗೈ ಗುಳಿ ಮಾಡಿ ಕಪಾಟಿನ ಪಕ್ಕ ಇಟ್ಕೊಂಡು ಕಾದರು. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗೇ ಹತ್ತಿರ ಬಂತು. "ನೀನು ಅದನ್ನ ಹಿಡಿಯೋಕೆ ಹೋದೆ ಅಮ್ಮ. ಅದಕ್ಕೆ ಗೊತ್ತಾಗುತ್ತೆ" ಅಂದ್ರು.

ಈ ಮಾತಿನ ಅರ್ಥ ನನಗೆ ಆಗಿದ್ದು ತುಂಬಾ ವರ್ಷ ಆದ್ಮೇಲೆ. ಅದನ್ನ ಕೊನೇಲಿ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಡ್ರೈವಿಂಗ್ ಲೈಸೆನ್ಸ್ ಕೊಡೋಕೆ ಎಂಟು ಹಾಕಿಸ್ತಾರೆ. ಇಂಜೆಕ್ಷನ್ ಚುಚ್ಚೋಕೆ ನರ್ಸ್‌ಗೆ ವರ್ಷಗಟ್ಟಲೆ ಓದಿಸ್ತಾರೆ. ಹಾಗಿದ್ರೆ ಜೀವ ಇರೋ ಪ್ರಾಣಿಯನ್ನ ಸಂಶೋಧಕರ ಕೈಗೆ ಕೊಡೋ ಮುಂಚೆ, ಆ ಕೈಗೆ ಏನು ಗೊತ್ತಿದೆ ಅಂತ ಕೇಳೋ ಪದ್ಧತಿ ಯಾವಾಗ ಶುರುವಾಯ್ತು?

ಉತ್ತರ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಬಹಳ ತಡವಾಗಿ.

ಲಂಡನ್, 1903: ಒಂದು ಕಂದು ನಾಯಿ

ಪ್ರಾಣಿ ಪ್ರಯೋಗಕ್ಕೆ ಕಾನೂನಿನ ಕಡಿವಾಣ ಹಾಕೋದರಲ್ಲಿ ಬ್ರಿಟನ್ ಮೊದಲ ಸಾಲಿನಲ್ಲಿತ್ತು. 1876ರಲ್ಲೇ ಅಲ್ಲಿ ಪ್ರಾಣಿಹಿಂಸೆ ಕಾಯ್ದೆ ಬಂತು. ಪ್ರಯೋಗ ಮಾಡೋಕೆ ಲೈಸೆನ್ಸ್ ಬೇಕು, ಸಾಮಾನ್ಯವಾಗಿ ಅರಿವಳಿಕೆ ಕೊಡಬೇಕು, ಪ್ರಾಣಿ ಎಚ್ಚರ ಆಗೋ ಮುಂಚೆ ಅದನ್ನ ಕೊಲ್ಲಬೇಕು. ಬೇರೆ ರೀತಿ ಮಾಡಬೇಕಾದ್ರೆ ವಿಶೇಷ ಪ್ರಮಾಣಪತ್ರ ಬೇಕು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಆದರೆ ಕಾನೂನು ನೋಡಿದ್ದು ಕಾಗದವನ್ನ. ಯಾರ ಸಹಿ ಇದೆ, ಯಾವ ಸಂಸ್ಥೆ ಶಿಫಾರಸು ಮಾಡಿದೆ ಅನ್ನೋದನ್ನ. ಕೈಗೆ ಕೆಲಸ ಬರುತ್ತಾ ಅಂತ ಅದು ಪರೀಕ್ಷೆ ಮಾಡಲಿಲ್ಲ.

1903ರ ಫೆಬ್ರವರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ವಿಲಿಯಂ ಬೇಲಿಸ್ ಅನ್ನೋ ಶರೀರಶಾಸ್ತ್ರಜ್ಞ ವೈದ್ಯ ವಿದ್ಯಾರ್ಥಿಗಳಿಗೆ ಒಂದು ಕಂದು ಟೆರಿಯರ್ ನಾಯಿಯ ಮೇಲೆ ಪ್ರಾತ್ಯಕ್ಷಿಕೆ ತೋರಿಸ್ತಿದ್ರು. ಅದೇ ನಾಯಿಯ ಮೇಲೆ ಎರಡು ತಿಂಗಳ ಹಿಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಆಗಿತ್ತು. ಕೋಣೆಯಲ್ಲಿ ಇಬ್ಬರು ಸ್ವೀಡನ್ ಯುವತಿಯರು ಕೂತಿದ್ರು: ಲಿಜ್ಜಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟಾವ್. ಪ್ರಾಣಿ ಪ್ರಯೋಗವನ್ನ ವಿರೋಧಿಸೋರು ಅವರು. ಒಳಗೇನು ನಡೆಯುತ್ತೆ ಅಂತ ಕಣ್ಣಾರೆ ನೋಡೋಕೆ ಅಂತಲೇ ವೈದ್ಯ ವಿದ್ಯಾರ್ಥಿನಿಯರಾಗಿ ಸೇರಿದ್ರು. ನಾಯಿ ಒದ್ದಾಡ್ತಿತ್ತು, ಅರಿವಳಿಕೆ ಸರಿಯಾಗಿ ಕೊಟ್ಟಿರಲಿಲ್ಲ ಅಂತ ಡೈರಿಯಲ್ಲಿ ಬರೆದುಕೊಂಡ್ರು. ಅರಿವಳಿಕೆ ಸರಿಯಾಗೇ ಇತ್ತು ಅಂತ ಬೇಲಿಸ್ ವಾದ.

ಈ ಡೈರಿಯ ಆಧಾರದ ಮೇಲೆ ಸ್ಟೀಫನ್ ಕೋಲ್‌ರಿಜ್ ಅನ್ನೋ ವಕೀಲ ಬಹಿರಂಗ ಸಭೆಯಲ್ಲಿ ಆರೋಪ ಮಾಡಿದ್ರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹಾಕಿದ್ರು. ಗೆದ್ದರು ಕೂಡ, 2,000 ಪೌಂಡ್ ಪರಿಹಾರ ಸಿಕ್ತು. ಆದರೆ ಜಗಳ ಅಲ್ಲಿಗೆ ಮುಗಿಯಲಿಲ್ಲ. 1906ರಲ್ಲಿ ಬ್ಯಾಟರ್‌ಸೀ ಬಡಾವಣೆಯಲ್ಲಿ ಆ ನಾಯಿಗೆ ಪ್ರತಿಮೆ ನಿಂತಿತು. 1907ರ ಡಿಸೆಂಬರ್‌ನಲ್ಲಿ ನೂರಾರು ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಪೊಲೀಸರ ಜೊತೆ ಹೊಡೆದಾಡಿದ್ರು. 1910ರಲ್ಲಿ ಪಾಲಿಕೆ ರಾತ್ರೋರಾತ್ರಿ ಪೊಲೀಸ್ ಕಾವಲಿನಲ್ಲಿ ಪ್ರತಿಮೆಯನ್ನ ಎತ್ತಿಸಿಬಿಡ್ತು. ಒಂದು ನಾಯಿಗಾಗಿ ಏಳು ವರ್ಷ ಲಂಡನ್ ಎರಡು ಭಾಗ ಆಗಿತ್ತು.

ಈ ಕಥೆಯನ್ನ ಬಹಳ ಜನ ಹೇಳಿದ್ದಾರೆ. ಅದರೊಳಗಿನ ಒಂದು ಸಣ್ಣ ವಿವರ ಮಾತ್ರ ನನ್ನ ತಲೆಯಿಂದ ಹೋಗಲ್ಲ. ಪ್ರಾತ್ಯಕ್ಷಿಕೆ ಮುಗಿದ ಮೇಲೆ ಆ ನಾಯಿಯನ್ನ ಕೊಂದಿದ್ದು ಬೇಲಿಸ್ ಅಲ್ಲ. ಹೆನ್ರಿ ಡೇಲ್ ಅನ್ನೋ ಯುವ ಸಂಶೋಧನಾ ವಿದ್ಯಾರ್ಥಿ. ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಮುಂದೆ 1936ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹೆನ್ರಿ ಡೇಲ್ ಇವರೇ. ಅವತ್ತು ಮಾತ್ರ ಅವರು ಒಬ್ಬ ವಿದ್ಯಾರ್ಥಿ. ಲ್ಯಾಬಿನ ಅತಿ ಕಷ್ಟದ ಕೆಲಸ ಅವರ ಕೈಗೆ ಬಂದಿತ್ತು.

ಕೋರ್ಟಿನಲ್ಲಿ, ಬೀದಿಯಲ್ಲಿ, ಪೇಪರ್‌ಗಳಲ್ಲಿ ನಡೆದ ಅಷ್ಟೂ ಗಲಾಟೆ ಒಂದೇ ಪ್ರಶ್ನೆಯ ಸುತ್ತ: ಪ್ರಯೋಗ ಬೇಕೋ ಬೇಡವೋ? ಬೇಕು ಅನ್ನೋರು ಒಂದು ಕಡೆ, ಬೇಡ ಅನ್ನೋರು ಇನ್ನೊಂದು ಕಡೆ. ಆ ಹುಡುಗನಿಗೆ ಯಾರು ಕಲಿಸಿದ್ರು, ಏನು ಕಲಿಸಿದ್ರು ಅನ್ನೋ ಪ್ರಶ್ನೆ ಆ ಗದ್ದಲದಲ್ಲಿ ಮೇಲೇಳಲೇ ಇಲ್ಲ.

ಮಧ್ಯದಲ್ಲಿ ನಿಂತ ಮನುಷ್ಯ

ಆ ಪ್ರಶ್ನೆಯನ್ನ ಕೈಗೆತ್ತಿಕೊಂಡವರು ಚಾರ್ಲ್ಸ್ ಹ್ಯೂಮ್. ಸೇನೆಯಲ್ಲಿದ್ದವರು, ಜನ ಅವರನ್ನ ಮೇಜರ್ ಹ್ಯೂಮ್ ಅಂತಾನೇ ಕರೀತಿದ್ರು. 1926ರಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಅವರೊಂದು ಪ್ರಾಣಿ ಕಲ್ಯಾಣ ಸಂಘ ಕಟ್ಟಿದ್ರು. 1938ರಲ್ಲಿ ಅದು ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಿ 'ಯೂನಿವರ್ಸಿಟೀಸ್ ಫೆಡರೇಶನ್ ಫಾರ್ ಅನಿಮಲ್ ವೆಲ್‌ಫೇರ್' ಆಯ್ತು. ಚಿಕ್ಕದಾಗಿ ಯುಫಾ.

ಹ್ಯೂಮ್ ಹಿಡಿದ ದಾರಿ ಎರಡೂ ಕಡೆಯವರಿಗೆ ಇರುಸುಮುರುಸು ತರುವಂಥದ್ದು. ವಿಜ್ಞಾನಿಗಳನ್ನ ರಾಕ್ಷಸರು ಅಂತ ಬೈಯೋದು ಅವರ ದಾರಿ ಅಲ್ಲ. ಪ್ರಾಣಿಪ್ರಿಯರನ್ನ ಭಾವುಕರು ಅಂತ ತಳ್ಳಿಹಾಕೋದೂ ಅಲ್ಲ. ಪ್ರಾಣಿಯ ಕಷ್ಟ ಕಡಿಮೆ ಮಾಡಬೇಕಾ? ಹಾಗಾದ್ರೆ ಪ್ರಾಣಿಯ ಬಗ್ಗೆ ಸರಿಯಾಗಿ ತಿಳ್ಕೊಳ್ಳಿ, ಅದನ್ನ ವಿಶ್ವವಿದ್ಯಾಲಯದೊಳಗೇ ಕಲಿಸಿ ಅನ್ನೋದು ಅವರ ವಾದ.

1947ರಲ್ಲಿ ಯುಫಾ ಲ್ಯಾಬ್ ಪ್ರಾಣಿಗಳ ಆರೈಕೆಯ ಬಗ್ಗೆ ಒಂದು ಕೈಪಿಡಿ ತಂತು. ಪಂಜರ ಹೇಗಿರಬೇಕು, ಯಾವ ಪ್ರಾಣಿಗೆ ಏನು ಆಹಾರ, ಮರಿ ಹಾಕಿಸೋದು ಹೇಗೆ, ಕಾಯಿಲೆ ಬಂದ್ರೆ ಗುರುತಿಸೋದು ಹೇಗೆ. ಓದಿದ್ರೆ ಹೈನುಗಾರಿಕೆಯ ಪುಸ್ತಕದ ಹಾಗೆ ಇದು ಮನೆಗೆಲಸದ ವಿಷಯ. ಆದರೆ ಇದರ ಹಿಂದೆ ದೊಡ್ಡ ಬದಲಾವಣೆ ಇದೆ. ಅಲ್ಲಿವರೆಗೆ 'ಕೆಳಗಿನವರ ಕೆಲಸ' ಅಂತ ಬಿಟ್ಟಿದ್ದ ಆರೈಕೆ, ಮೊದಲ ಸಲ ವಿಜ್ಞಾನದ ವಿಷಯ ಆಯ್ತು. ಆ ಕೈಪಿಡಿ ಹೊಸ ಹೊಸ ಆವೃತ್ತಿ ಕಾಣ್ತಾ ಇವತ್ತಿಗೂ ಬಳಕೆಯಲ್ಲಿದೆ.

ಮೂರು ಆರ್

1954ರಲ್ಲಿ ಯುಫಾ ಇಬ್ಬರನ್ನ ಒಂದು ಅಧ್ಯಯನಕ್ಕೆ ನೇಮಿಸ್ತು. ಒಬ್ಬರು ವಿಲಿಯಂ ರಸೆಲ್. ಪ್ರಾಣಿಶಾಸ್ತ್ರ ಓದಿದವರು, ಪ್ರಾಚೀನ ಸಾಹಿತ್ಯದ ಹುಚ್ಚು ಬೇರೆ. ಇನ್ನೊಬ್ಬರು ರೆಕ್ಸ್ ಬರ್ಚ್, ಸೂಕ್ಷ್ಮಜೀವಿ ಶಾಸ್ತ್ರದವರು. ಬರ್ಚ್ ಲ್ಯಾಬಿಂದ ಲ್ಯಾಬಿಗೆ ಸುತ್ತಿ ವಿಜ್ಞಾನಿಗಳನ್ನ ಮಾತಾಡಿಸಿದ್ರು: ನೀವು ನಿಜವಾಗಿ ಹೇಗೆ ಕೆಲಸ ಮಾಡ್ತೀರಿ, ಎಲ್ಲಿ ಪ್ರಾಣಿಗೆ ಕಷ್ಟ ಆಗ್ತಿದೆ, ಎಲ್ಲಿ ತಪ್ಪಿಸಬಹುದು? 1959ರಲ್ಲಿ ಇಬ್ಬರೂ ಸೇರಿ ಪುಸ್ತಕ ತಂದ್ರು. ಹೆಸರು 'ದಿ ಪ್ರಿನ್ಸಿಪಲ್ಸ್ ಆಫ್ ಹ್ಯೂಮೇನ್ ಎಕ್ಸ್‌ಪೆರಿಮೆಂಟಲ್ ಟೆಕ್ನಿಕ್'.

ಇವತ್ತು ಜಗತ್ತಿನ ಯಾವ ಅನಿಮಲ್ ಹೌಸ್‌ಗೆ ಹೋದರೂ ಕೇಳಿಬರೋ 'ತ್ರೀ ಆರ್ಸ್' ಹುಟ್ಟಿದ್ದು ಇಲ್ಲೇ. ರಿಪ್ಲೇಸ್‌ಮೆಂಟ್: ಪ್ರಾಣಿ ಇಲ್ಲದೆ ಕೆಲಸ ಆಗುತ್ತಾ, ಜೀವಕೋಶದಲ್ಲೋ ಮಾದರಿಯಲ್ಲೋ ಮಾಡೋಕೆ ಆಗುತ್ತಾ ನೋಡು. ರಿಡಕ್ಷನ್: ಆಗಲ್ಲ ಅಂದ್ರೆ, ಆದಷ್ಟು ಕಡಿಮೆ ಪ್ರಾಣಿ ಬಳಸು. ರಿಫೈನ್‌ಮೆಂಟ್: ಬಳಸಲೇಬೇಕಾದ ಪ್ರಾಣಿಗೆ ಆಗೋ ನೋವು, ಭಯ ಎರಡನ್ನೂ ಆದಷ್ಟು ತಗ್ಗಿಸು.

ಆ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದು ಅಷ್ಟು ಪ್ರಸಿದ್ಧಿ ಆಗಲಿಲ್ಲ. ನನಗೆ ಅದೇ ಮುಖ್ಯ. ರಸೆಲ್ ಮತ್ತು ಬರ್ಚ್ ಅಮಾನವೀಯತೆಯನ್ನ ಎರಡು ಬಗೆ ಮಾಡ್ತಾರೆ. ಮೊದಲನೇದು ನೇರವಾದದ್ದು. ಪ್ರಯೋಗದ ವಿಧಾನವೇ ಹಾಗಿರೋದರಿಂದ ಪ್ರಾಣಿಗೆ ಕಷ್ಟ ಕೊಡದೆ ಅದು ನಡೆಯೋದೇ ಇಲ್ಲ. ಎರಡನೇದು ಆಕಸ್ಮಿಕವಾದದ್ದು. ಪ್ರಯೋಗಕ್ಕೆ ಅದರ ಅಗತ್ಯವೇ ಇಲ್ಲ, ಯಾರಿಗೂ ಅದು ಬೇಕಾಗಿಲ್ಲ, ಆದರೂ ಆಗುತ್ತೆ. ಗೊತ್ತಿಲ್ಲದ್ದಕ್ಕೆ, ಗಮನಿಸದ್ದಕ್ಕೆ, ಕಲಿಸದ್ದಕ್ಕೆ. ತಪ್ಪಾಗಿ ಹಿಡಿಯೋದು, ಗಲಾಟೆ ಇರೋ ಕೋಣೆ, ಒಂಟಿ ಪಂಜರ.

ನೇರವಾದದ್ದನ್ನ ಒಪ್ಪಬೇಕೋ ಬೇಡವೋ ಅನ್ನೋದು ನೈತಿಕ ಚರ್ಚೆ. ಅದು ನಡೀತಾನೇ ಇರುತ್ತೆ. ಎರಡನೇ ಬಗೆಗೆ ಸಮರ್ಥನೆ ಕೊಡೋಕೆ ಯಾರಿಂದಲೂ ಆಗಲ್ಲ. ಪ್ರಯೋಗದ ಪರ ಇರೋರಿಂದಲೂ ಆಗಲ್ಲ. ಅದಕ್ಕಿರೋ ಮದ್ದು ಒಂದೇ, ಕಲಿಸೋದು.

ಪುಸ್ತಕ ಬಂತು. ಮುಂದಿನ ಸುಮಾರು 20 ವರ್ಷ ಅದನ್ನ ಹೆಚ್ಚು ಜನ ತೆರೆದೇ ನೋಡಲಿಲ್ಲ.

ಮನಸ್ಸಿಗೆ ಬಿಟ್ಟಿದ್ದು ಕಾನೂನಿಗೆ ಬಂತು

ಬದಲಾವಣೆ ತಂದಿದ್ದು ಪುಸ್ತಕ ಒಂದೇ ಅಲ್ಲ, ಜನರ ಸಿಟ್ಟು ಕೂಡ. ಅಮೆರಿಕದಲ್ಲಿ 1965ರಲ್ಲಿ ಪೆಪ್ಪರ್ ಅನ್ನೋ ಡಾಲ್ಮೇಷಿಯನ್ ನಾಯಿ ಮನೆಯಿಂದ ಕಾಣೆಯಾಗಿ, ಕೊನೆಗೆ ಒಂದು ಆಸ್ಪತ್ರೆಯ ಪ್ರಯೋಗದಲ್ಲಿ ಸತ್ತಿದ್ದು ಗೊತ್ತಾಯ್ತು. ಮರುವರ್ಷ 'ಲೈಫ್' ಪತ್ರಿಕೆ ನಾಯಿ ವ್ಯಾಪಾರಿಗಳ ಕೊಟ್ಟಿಗೆಗಳ ಚಿತ್ರ ಪ್ರಕಟಿಸ್ತು. ದೇಶ ಕುದಿಯಿತು. 1966ರ ಆಗಸ್ಟ್‌ನಲ್ಲಿ ಕಾಯ್ದೆ ಬಂತು. ಆ ಮೊದಲ ಕಾಯ್ದೆ ನೋಡಿದ್ದು ಹೆಚ್ಚಾಗಿ ನಾಯಿ ಎಲ್ಲಿಂದ ಬಂತು, ಎಲ್ಲಿ ಇಟ್ಟಿದ್ದಾರೆ ಅನ್ನೋದನ್ನ. ಪ್ರಾಣಿಯನ್ನ ಬಳಸೋರಿಗೆ ಸಂಸ್ಥೆಯೇ ತರಬೇತಿ ಕೊಡಬೇಕು ಅಂತ ಕಾನೂನು ಹೇಳಿದ್ದು 1985ರ ತಿದ್ದುಪಡಿಯಲ್ಲಿ. ನೋವು ಕಡಿಮೆ ಮಾಡೋ ವಿಧಾನ, ಪ್ರಾಣಿ ಬಳಕೆ ತಗ್ಗಿಸೋ ದಾರಿ, ಲೋಪ ಕಂಡ್ರೆ ಯಾರಿಗೆ ಹೇಳಬೇಕು, ಇವೆಲ್ಲ ಆ ತರಬೇತಿಯಲ್ಲಿ ಇರಬೇಕಿತ್ತು.

ಬ್ರಿಟನ್ 1876ರ ಕಾಯ್ದೆಯನ್ನ 1986ರಲ್ಲಿ ಬದಲಾಯಿಸ್ತು. ಲೆಕ್ಕ ಹಾಕಿ, 110 ವರ್ಷ. ಹೊಸ ಕಾಯ್ದೆಯಲ್ಲಿ ಮನುಷ್ಯನಿಗೆ ಒಂದು ಲೈಸೆನ್ಸ್, ಪ್ರಾಜೆಕ್ಟಿಗೆ ಇನ್ನೊಂದು, ಜಾಗಕ್ಕೆ ಮತ್ತೊಂದು ಅನುಮತಿ. ಮುಂದೆ ವೈಯಕ್ತಿಕ ಲೈಸೆನ್ಸ್‌ಗೆ ತರಬೇತಿ ಕೋರ್ಸ್ ಕಡ್ಡಾಯ ಆಯ್ತು. 2010ರ ಐರೋಪ್ಯ ಒಕ್ಕೂಟದ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕೋರ್ಸ್ ಮುಗಿಸಿದ್ರೆ ಸಾಲದು. ಕೈಗೆ ಕೆಲಸ ಬಂದಿದೆ ಅಂತ ತೋರಿಸೋವರೆಗೂ ಇನ್ನೊಬ್ಬರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಎಲ್‌ಎಲ್‌ಆರ್ ಹಿಡಿದು ಗಾಡಿ ಕಲಿಯೋ ಹಾಗೆ ಅಂತ ಇಟ್ಕೊಳ್ಳಿ.

ನಮ್ಮಲ್ಲಿ

ಈಗ ಭಾರತಕ್ಕೆ ಬರೋಣ. ಇಲ್ಲಿನ ಕಥೆ ಒಬ್ಬ ನೃತ್ಯಗಾರ್ತಿಯಿಂದ ಶುರುವಾಗುತ್ತೆ ಅಂದ್ರೆ ನಂಬ್ತೀರಾ? ಭರತನಾಟ್ಯಕ್ಕೆ ಹೊಸ ಬಾಳು ಕೊಟ್ಟ, ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ತಂದ್ರು. ಸರ್ಕಾರವೇ ಸಮಗ್ರ ಕಾನೂನು ತರುತ್ತೆ ಅಂತ ನೆಹರು ಭರವಸೆ ಕೊಟ್ಟಾಗ ಅದನ್ನ ಹಿಂದಕ್ಕೆ ತಗೊಂಡ್ರು. ಆ ಭರವಸೆಯ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ.

ಆ ಕಾಯ್ದೆ ಪ್ರಯೋಗವನ್ನ ನಿಷೇಧಿಸಲಿಲ್ಲ. ಹೊಸ ಜ್ಞಾನಕ್ಕೆ, ಕಾಯಿಲೆಯ ಮದ್ದಿಗೆ ಅದು ಕಾನೂನುಬದ್ಧ ಅಂತಲೇ ಹೇಳ್ತು. ಆದರೆ 17ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಪ್ರಯೋಗ ಮಾಡೋರು ಅರ್ಹತೆ ಇರೋರಾಗಿರಬೇಕು, ಅಥವಾ ಅಂಥವರ ಮೇಲ್ವಿಚಾರಣೆಯಲ್ಲಿರಬೇಕು. ಎಚ್ಚರಿಕೆಯಿಂದ, ಮಾನವೀಯವಾಗಿ ಮಾಡಬೇಕು. ಪುಸ್ತಕ, ಮಾದರಿ, ಚಲನಚಿತ್ರದಲ್ಲಿ ಪಾಠ ಆಗೋದಾದ್ರೆ ಪ್ರಾಣಿಯನ್ನ ಬಿಡಬೇಕು. ಬರೀ ಕೈಚಳಕ ಕಲಿಯೋಕೆ ಅಂತ ಸಾಧ್ಯವಾದಷ್ಟೂ ಪ್ರಾಣಿಯನ್ನ ಬಳಸಬಾರದು. ರಸೆಲ್–ಬರ್ಚ್ ಪುಸ್ತಕ ಬಂದ ಮರುವರ್ಷವೇ ಬಂದ ಕಾನೂನು ಇದು! ರಿಪ್ಲೇಸ್‌ಮೆಂಟ್ ಅನ್ನೋ ಪದ ಅದರಲ್ಲಿಲ್ಲ, ಭಾವ ಇದೆ.

ಇಲ್ಲೊಂದು ಗಂಟು ಕೂಡ ಇದೆ ನೋಡಿ. ಪ್ರಯೋಗ ಮಾಡೋರಿಗೆ ಅರ್ಹತೆ ಬೇಕು. ಆದರೆ ಕೈ ಪಳಗಿಸೋಕೆ ಅಂತ ಪ್ರಾಣಿ ಬಳಸಬಾರದು. ಹಾಗಾದ್ರೆ ಕೈ ಪಳಗೋದು ಹೇಗೆ? ಈಜು ಕಲಿಯದೆ ನೀರಿಗೆ ಇಳಿಬೇಡ ಅಂದ ಹಾಗೆ.

ಈ ಗಂಟು ಬಿಚ್ಚೋಕೆ ನಮ್ಮಲ್ಲಿ ದಶಕಗಳೇ ಹಿಡಿದ್ವು. ಕಾಯ್ದೆಯಲ್ಲಿ ಹೇಳಿದ ಮೇಲ್ವಿಚಾರಣಾ ಸಮಿತಿ, ಸಿಪಿಸಿಎಸ್‌ಇಎ, 1964ರಲ್ಲೇ ಹುಟ್ಟಿದ್ರೂ ಅದಕ್ಕೆ ನಿಜವಾದ ಹಲ್ಲು ಬಂದಿದ್ದು 1990ರ ದಶಕದ ಕೊನೆಯಲ್ಲಿ, ಮೇನಕಾ ಗಾಂಧಿ ಅದರ ಅಧ್ಯಕ್ಷರಾಗಿದ್ದಾಗ. 1998ರಲ್ಲಿ ನಿಯಮಗಳು ಬಂದ್ವು. ಪ್ರಾಣಿ ಬಳಸೋ ಪ್ರತಿ ಸಂಸ್ಥೆ ನೋಂದಣಿ ಆಗಬೇಕು, ಅಲ್ಲೊಂದು ನೈತಿಕ ಸಮಿತಿ ಇರಬೇಕು. ಆ ಸಮಿತಿಯಲ್ಲಿ ಬರೀ ಅಲ್ಲಿನ ಪ್ರೊಫೆಸರ್‌ಗಳು ಕೂತ್ರೆ ಆಗಲ್ಲ. ಪಶುವೈದ್ಯರು ಬೇಕು, ಹೊರಗಿನ ಸಂಸ್ಥೆಯ ವಿಜ್ಞಾನಿ ಬೇಕು, ವಿಜ್ಞಾನಿ ಅಲ್ಲದ ಸಾಮಾಜಿಕ ಕಾಳಜಿಯ ಒಬ್ಬ ವ್ಯಕ್ತಿ ಬೇಕು, ಸರ್ಕಾರಿ ಸಮಿತಿಯ ಪ್ರತಿನಿಧಿ ಬೇಕು. ಈಗ ಆ ಸರ್ಕಾರಿ ಸಮಿತಿಗೆ ಸಿಸಿಎಸ್‌ಇಎ ಅಂತ ಹೆಸರು.

ಕಲಿಸೋ ದಾರಿಗಳೂ ಒಂದೊಂದಾಗಿ ಬಂದ್ವು. ಪುದುಚೇರಿಯ ಜಿಪ್ಮರ್‌ನಲ್ಲಿ ಎಕ್ಸ್‌ಫಾರ್ಮ್ ಅನ್ನೋ ಸಾಫ್ಟ್‌ವೇರ್ ರೂಪುಗೊಂಡಿತು. ಔಷಧ ಕೊಟ್ಟಾಗ ಪ್ರಾಣಿಯ ದೇಹದಲ್ಲಿ ಏನಾಗುತ್ತೆ ಅನ್ನೋದನ್ನ ವಿದ್ಯಾರ್ಥಿ ಕಂಪ್ಯೂಟರ್‌ನಲ್ಲೇ ನೋಡಬಹುದು. ಚುಚ್ಚೋದನ್ನ ಅಭ್ಯಾಸ ಮಾಡೋಕೆ ರಬ್ಬರಿನಂಥ ಮಾದರಿ ಇಲಿಗಳು ಬಂದ್ವು. 2011ರಲ್ಲಿ ಯುಜಿಸಿ, ಡಿಗ್ರಿ ತರಗತಿಗಳಲ್ಲಿ ಡಿಸೆಕ್ಷನ್ ಕಡಿಮೆ ಮಾಡ್ತಾ ಹೋಗಿ ಅಂತ ಮಾರ್ಗಸೂಚಿ ಕೊಡ್ತು. ನಿಮ್ಮ ಅಕ್ಕನೋ ಮಾವನೋ ಕಾಲೇಜಲ್ಲಿ ಕಪ್ಪೆ ಕೊಯ್ದ ಕಥೆ ಹೇಳಿರ್ತಾರೆ, ನೀವು ಕೊಯ್ದಿರಲ್ಲ. ಕಾರಣ ಇದೇ. 2014ರಲ್ಲಿ ಸೌಂದರ್ಯವರ್ಧಕಗಳನ್ನ ಪ್ರಾಣಿ ಮೇಲೆ ಪರೀಕ್ಷೆ ಮಾಡೋದು ದೇಶದಲ್ಲಿ ನಿಂತಿತು. 2023ರಲ್ಲಿ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿ ಬಂದು, ಪ್ರಾಣಿ ಇಲ್ಲದ ಪರೀಕ್ಷಾ ವಿಧಾನಗಳಿಗೂ ಬಾಗಿಲು ತೆರೀತು.

ಆದರೂ ಸಂಶೋಧನೆಗೆ ಪ್ರಾಣಿ ಬೇಕು ಅನ್ನೋ ಕಡೆ, ಕೊನೆಗೆ ಒಂದು ದಿನ ವಿದ್ಯಾರ್ಥಿಯ ಕೈ ನಿಜವಾದ ಪ್ರಾಣಿಯ ಮೇಲೆ ಬೀಳಲೇಬೇಕು. ಆ ಕೈಗೆ ಏನು ಕಲಿಸಬೇಕು?

ಕೈಗೆ ಪಾಠ

ಇದಕ್ಕೆ ಉತ್ತರ ಕೊಟ್ಟಿದ್ದೂ ವಿಜ್ಞಾನವೇ. ಇಲಿ ಬೇಟೆಗೆ ಬಲಿಯಾಗೋ ಪ್ರಾಣಿ. ನೋವನ್ನ ತೋರಿಸಿಕೊಂಡ್ರೆ ಅದನ್ನ ಹಿಡಿಯೋರಿಗೆ ಸುಲಭ, ಹಾಗಾಗಿ ಮುಚ್ಚಿಡುತ್ತೆ. ಗೊತ್ತಿಲ್ಲದವರ ಕಣ್ಣಿಗೆ ಅದು 'ಚೆನ್ನಾಗೇ ಇದೆ'. 2010ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೋಗಿಲ್ ಅವರ ತಂಡ ಇಲಿಯ ಮುಖ ನೋಡಿ ನೋವು ಅಳೆಯೋ ವಿಧಾನ ಪ್ರಕಟಿಸ್ತು. ಕಣ್ಣು ಕಿರಿದಾಗಿದೆಯಾ, ಮೂಗು ಕೆನ್ನೆ ಉಬ್ಬಿದೆಯಾ, ಕಿವಿ ಎತ್ತ ತಿರುಗಿದೆ, ಮೀಸೆ ಹೇಗಿದೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಇದಕ್ಕೆ ದೊಡ್ಡ ಮಷೀನ್ ಬೇಕಾಗಿಲ್ಲ. ನೋಡೋದನ್ನ ಕಲಿತಿರಬೇಕು, ಅಷ್ಟೇ.

ಅದೇ ಮೋಗಿಲ್ ತಂಡ 2014ರಲ್ಲಿ ಇನ್ನೊಂದು ವಿಚಿತ್ರ ಕಂಡುಕೊಳ್ತು. ಕೋಣೆಯಲ್ಲಿ ಗಂಡಸರಿದ್ರೆ, ಅವರು ಹಾಕಿಬಿಟ್ಟ ಟೀ ಶರ್ಟ್ ಪಕ್ಕದಲ್ಲಿದ್ರೂ ಸಾಕು, ಇಲಿಗಳಿಗೆ ಒತ್ತಡ ಹೆಚ್ಚಾಗಿ ನೋವಿನ ಲಕ್ಷಣ ಕಡಿಮೆ ಕಾಣ್ತಿತ್ತು. ಕಾರಣ ವಾಸನೆ. ಅಂದ್ರೆ ಪ್ರಯೋಗ ಮಾಡ್ತಿರೋರು ಯಾರು ಅನ್ನೋದೇ ಫಲಿತಾಂಶವನ್ನ ಬದಲಾಯಿಸಬಹುದು.

ಈಗ ನನಗೆ ಸಂಬಂಧಪಟ್ಟ ವಿಷಯ. ನನ್ನ ಥೀಸಿಸ್ ಒಂದು ಗಿಡದ ಸಾರದ ಮೇಲೆ. ಅದು ಆತಂಕ ಕಡಿಮೆ ಮಾಡುತ್ತಾ ಅಂತ ನೋಡೋದು. ಅದಕ್ಕೆ ಬಳಸೋದು 'ಎಲಿವೇಟೆಡ್ ಪ್ಲಸ್ ಮೇಜ್'. ನೆಲದಿಂದ ಎತ್ತರದಲ್ಲಿ ಪ್ಲಸ್ ಆಕಾರದ ನಾಲ್ಕು ದಾರಿ, ಎರಡಕ್ಕೆ ಗೋಡೆ ಇದೆ, ಎರಡು ಬಯಲು. ಹೆದರಿದ ಇಲಿ ಗೋಡೆ ಇರೋ ಕಡೆ ಅಡಗುತ್ತೆ. ನಿರಾಳವಾಗಿರೋದು ಬಯಲಿಗೆ ಬರುತ್ತೆ. ಬಯಲಲ್ಲಿ ಎಷ್ಟು ಸೆಕೆಂಡ್ ಕಳೀತು ಅಂತ ಸ್ಟಾಪ್‌ವಾಚ್ ಹಿಡಿದು ಎಣಿಸೋದು ನನ್ನ ಕೆಲಸ.

ಏನೂ ಔಷಧ ಕೊಡದ ಗುಂಪಿನ ಇಲಿಗಳೂ ಸ್ವಲ್ಪ ಹೊತ್ತು ಬಯಲಿಗೆ ಬರಬೇಕು. ನನ್ನವು ಬರಲೇ ಇಲ್ಲ. ಕೆಲವು ಮೂಲೆಯಲ್ಲಿ ಕಲ್ಲಿನ ಹಾಗೆ ಕೂತವು. ಅಂಕಿಗಳು ಎಲ್ಲೆಂದರಲ್ಲಿ ಚೆದುರಿದ್ವು. ಸಮಿತಿಯ ಅನುಮತಿ ಕೇಳಿ ಇನ್ನೊಂದು ಬ್ಯಾಚ್ ತರಿಸಿ ಮತ್ತೆ ಮಾಡಿದ್ವಿ. ಪ್ರತಿ ಸಲವೂ ಬಾಲ ಹಿಡಿದೇ ಎತ್ತಿ ಮೇಜ್ ಮೇಲೆ ಬಿಟ್ಟೆ. ಹಾಗೂ ಹೀಗೂ ಥೀಸಿಸ್ ಆಯ್ತು, ಡಿಗ್ರಿ ಬಂತು. ಎರಡೂ ಬ್ಯಾಚಿನ ಇಲಿಗಳು ನಿಯಮದ ಪ್ರಕಾರ ಸತ್ತವು.

ವರ್ಷಗಳ ನಂತರ, ಈ ಪಾಡ್‌ಕಾಸ್ಟ್‌ಗಾಗಿ ಬೇರೆ ಏನನ್ನೋ ಹುಡುಕುವಾಗ ಒಂದು ಪ್ರಬಂಧ ಕಣ್ಣಿಗೆ ಬಿತ್ತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್, 2010, 'ನೇಚರ್ ಮೆಥಡ್ಸ್' ಪತ್ರಿಕೆ. ಅವರು ಇಲಿಗಳನ್ನ ಮೂರು ರೀತಿ ಎತ್ತಿ ನೋಡಿದ್ರು: ಬಾಲ ಹಿಡಿದು, ಒಂದು ಕೊಳವೆಯೊಳಗೆ ತಾನಾಗೇ ಹೊಕ್ಕಿಸಿ, ಅಂಗೈ ಬೊಗಸೆ ಮಾಡಿ. ಬಾಲ ಹಿಡಿದ ಇಲಿಗಳಲ್ಲಿ ಆತಂಕ ಹೆಚ್ಚು. ಕೊಳವೆ, ಬೊಗಸೆಯವು ಮನುಷ್ಯನ ಕೈ ಹತ್ತಿರ ತಾವಾಗೇ ಬರ್ತಿದ್ವು. ಆ ಆತಂಕವನ್ನ ಅವರು ಅಳೆದಿದ್ದು ಅದೇ ಎಲಿವೇಟೆಡ್ ಪ್ಲಸ್ ಮೇಜ್ ಮೇಲೆ.

ಬಸ್ಸಲ್ಲಿ ಕೂತು ಫೋನಲ್ಲಿ ಓದ್ತಿದ್ದೆ. ಇಳಿಯೋ ಸ್ಟಾಪ್ ದಾಟಿ ಹೋಯ್ತು.

ನಾನು ಗಿಡದ ಸಾರವನ್ನ ಅಳೆದಿದ್ದೀನಿ ಅಂದ್ಕೊಂಡಿದ್ದೆ. ಬಹುಶಃ ನನ್ನ ಕೈಯನ್ನೇ ಅಳೆದಿದ್ದೆ. ಅಂಕಿ ಚೆದುರಿದ್ದಕ್ಕೆ ಎರಡನೇ ಬ್ಯಾಚ್ ಬೇಕಾಯ್ತು. ಸರಿಯಾಗಿ ಎತ್ತಿದ್ರೆ ಆ ಬ್ಯಾಚ್ ಬೇಕಾಗ್ತಿತ್ತಾ? ಖಚಿತವಾಗಿ ಹೇಳೋಕೆ ಆಗಲ್ಲ. ಆದರೆ ರಿಫೈನ್‌ಮೆಂಟ್ ತಪ್ಪಿದ ಕಡೆ ರಿಡಕ್ಷನ್ನೂ ತಪ್ಪುತ್ತೆ ಅನ್ನೋದು ಅವತ್ತು ಅರ್ಥ ಆಯ್ತು. ರಸೆಲ್, ಬರ್ಚ್ ಹೇಳಿದ ಎರಡನೇ ಬಗೆಯ ಅಮಾನವೀಯತೆ ಅಂದ್ರೆ ನನ್ನ ಥೀಸಿಸ್.

ತರಬೇತಿ ಕೊಟ್ರೆ ಸಾಕಾ?

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು, ಕೇಳಬೇಕು ಕೂಡ. ಮೃದುವಾಗಿ ಎತ್ತಿದ್ರೂ ಕೊನೆಗೆ ಅದು ಸಾಯೋದೇ ತಾನೇ? ಸರ್ಟಿಫಿಕೇಟ್ ಅನ್ನೋದು ಮನಸ್ಸಾಕ್ಷಿಗೆ ಹಚ್ಚೋ ಮುಲಾಮು ಅಲ್ವಾ? ಲಿಜ್ಜಿ ಲಿಂಡ್ ಅಫ್ ಹಾಗೆಬಿ ಇದ್ದಿದ್ರೆ ಇದನ್ನೇ ಕೇಳ್ತಿದ್ರು ಅನಿಸುತ್ತೆ.

ಈ ಪ್ರಶ್ನೆಗೆ ತರಬೇತಿ ಉತ್ತರ ಕೊಡಲ್ಲ. ಪ್ರಾಣಿಯನ್ನ ಬಳಸೋದು ಸರಿಯಾ ಅನ್ನೋದು ಬೇರೆ ಚರ್ಚೆ, ಅದನ್ನ ಕೋರ್ಸ್ ಮಾಡಿ ಮುಗಿಸೋಕೆ ಆಗಲ್ಲ. ಆದರೆ 1903ರ ಜಗಳ ಒಂದು ಪಾಠ ಹೇಳುತ್ತೆ. ಎರಡು ಕಡೆಯವರೂ ದೊಡ್ಡ ಪ್ರಶ್ನೆಯ ಮೇಲೆ ಕಿತ್ತಾಡ್ತಿದ್ದ ಅಷ್ಟೂ ವರ್ಷ ಲ್ಯಾಬಿನೊಳಗೆ ಪ್ರಾಣಿಗಳಿದ್ವು, ಅವುಗಳನ್ನ ಮುಟ್ಟೋ ಕೈಗಳಿದ್ವು. ಚರ್ಚೆ ಮುಗಿಯಲಿ, ಆಮೇಲೆ ಕಲಿಸೋಣ ಅಂತ ಕಾದಿದ್ದಕ್ಕೆ ಬೆಲೆ ಕೊಟ್ಟಿದ್ದು ಪ್ರಾಣಿಗಳು.

ಇನ್ನೊಂದು ವಿಷಯ. ಚೆನ್ನಾಗಿ ಕಲಿತವರು 'ಇದಕ್ಕೆ ಪ್ರಾಣಿ ಬೇಕಾ?' ಅಂತಲೂ ಕೇಳ್ತಾರೆ. ಪಾಠದ ಮೊದಲ ಆರ್ ಅದೇ. ಏನೂ ಕಲಿಯದ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ನೀವು ಬಯೋಟೆಕ್, ಫಾರ್ಮಸಿ, ಪಶುವೈದ್ಯಕೀಯ ಓದ್ತಿದ್ರೆ, ಅಥವಾ ನಿಮ್ಮ ಗೆಳೆಯರು ಓದ್ತಿದ್ರೆ, ಅನಿಮಲ್ ಹೌಸ್‌ಗೆ ಹೋಗೋ ಮೊದಲ ದಿನ ಮೂರು ಪ್ರಶ್ನೆ ಕೇಳಿ. ಈ ಕೆಲಸಕ್ಕೆ ಪ್ರಾಣಿ ಬೇಕೇ ಬೇಕಾ? ನಾನು ಮುಟ್ಟೋ ಮುಂಚೆ ನನಗೆ ಯಾರು ಕಲಿಸ್ತಾರೆ? ಇದಕ್ಕೆ ನೋವಾಗ್ತಿದೆ ಅಂತ ನನಗೆ ಅನಿಸಿದ್ರೆ ಯಾರಿಗೆ ಹೇಳಬೇಕು, ಪ್ರಯೋಗ ಎಲ್ಲಿ ನಿಲ್ಲಿಸಬೇಕು? ಇವು ಅಧಿಕಪ್ರಸಂಗ ಅಲ್ಲ. ಕಾನೂನೇ ನಿಮ್ಮ ಬೆನ್ನಿಗಿದೆ.

ಕೊನೇದಾಗಿ ಅಣ್ಣನ ವಿಷಯ. ಈ ಸಂಚಿಕೆ ಮಾಡೋ ಮುಂಚೆ ಅವರಿಗೆ ಫೋನ್ ಮಾಡಿದ್ದೆ. ರಿಟೈರ್ ಆಗಿದ್ದಾರೆ, ಊರಲ್ಲಿ ಎರಡು ಹಸು ಸಾಕಿಕೊಂಡಿದ್ದಾರೆ. ಲಿವರ್‌ಪೂಲ್ ಪ್ರಬಂಧದ ಬಗ್ಗೆ ಹೇಳಿದೆ. ಬಾಲ ಹಿಡಿಯಬಾರದಂತೆ, ಬೊಗಸೆಯಲ್ಲಿ ಎತ್ತಬೇಕಂತೆ, ನೀವು ಅವತ್ತು ಹಾಗೇ ಮಾಡಿದ್ರಿ ಅಲ್ವಾ ಅಂದೆ. ಅವರಿಗೆ ಕಪಾಟಿನ ಅಡಿಯ ಆ ಇಲಿ ನೆನಪಿರಲಿಲ್ಲ. ಅಂಥವು ಎಷ್ಟೋ ನೋಡಿದ್ದಾರೆ. ನಕ್ಕು ಬಿಟ್ಟರು.

"ನಮ್ಮನ್ನ ಯಾರೂ ಕೇಳ್ಲಿಲ್ವಲ್ಲಮ್ಮ" ಅಂದ್ರು.

ನಮ್ಮ ಥೀಸಿಸ್‌ನ ಕೃತಜ್ಞತೆ ಪುಟದಲ್ಲಿ ಗೈಡ್, ಪ್ರಿನ್ಸಿಪಾಲ್, ಅಪ್ಪ ಅಮ್ಮ, ಗೆಳೆಯರು ಎಲ್ಲರೂ ಇದ್ದಾರೆ. ನಿನ್ನೆ ತೆಗೆದು ನೋಡಿದೆ. ಅಣ್ಣನ ಹೆಸರಿಲ್ಲ.

ನಿಮ್ಮ ಲ್ಯಾಬಿನ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.